ಕೊಡಗಿನ ಬೆಟ್ಟಕ್ಕೆ ಒಬ್ಬರೇ ಹೋಗುವುದಾದರೆ: ಮಳೆಗಾಲದ ಹಿಂದುಮುಂದಿನ ತಿಂಗಳುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಬೆಟ್ಟ ಹತ್ತಲು ಯಾವ ಕಾಲ ಒಳ್ಳೆಯದು ಅಂತ ಕೇಳಿದರೆ, ಡಿಸೆಂಬರ್‌ನಿಂದ ಫೆಬ್ರವರಿ ಅಂತ ಯಾರು ಬೇಕಾದರೂ ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ತಲೆ ಹಾಕಬೇಡಿ ಅಂತಲೂ ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಈ ಎರಡರ ನಡುವಿನ ತಿಂಗಳುಗಳಲ್ಲಿ. ಏಪ್ರಿಲ್ ಮತ್ತು ಮೇ, ಆಮೇಲೆ ಅಕ್ಟೋಬರ್ ಮತ್ತು ನವೆಂಬರ್. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಎದುರಿನ ಮರ ಕಾಣುವುದಿಲ್ಲ.

ಜೊತೆಗೆ ಜನ ಇದ್ದರೆ ಯಾರಾದರೊಬ್ಬರು "ಸಾಕು, ಇಳಿಯೋಣ" ಅನ್ನುತ್ತಾರೆ. ಒಬ್ಬರೇ ಹೋದಾಗ ಆ ಮಾತು ಹೇಳುವವರು ಇರುವುದಿಲ್ಲ. ತುದಿ ಕಣ್ಣಿಗೆ ಕಾಣುತ್ತಿರುವಾಗ, ಮೈ ಒದ್ದೆಯಾಗಿರುವಾಗ, ಹೊಟ್ಟೆ ಹಸಿದಿರುವಾಗ ನಾವು ಮಾಡುವ ತೀರ್ಮಾನ ಅಷ್ಟಕ್ಕಷ್ಟೇ. ಹಾಗಾಗಿ ಎಷ್ಟು ಗಂಟೆಗೆ, ಏನು ಕಂಡರೆ ತಿರುಗಿ ಬರಬೇಕು ಅನ್ನುವುದನ್ನು ಹಿಂದಿನ ರಾತ್ರಿಯೇ, ತಲೆ ತಣ್ಣಗಿರುವಾಗ, ಬರೆದಿಟ್ಟುಕೊಳ್ಳಬೇಕು. ಈ ಮಾರ್ಗದರ್ಶಿಯ ತಿರುಳು ಅದೇ.

1. ಯಾವ ತಿಂಗಳಲ್ಲಿ ಎಂಥ ಮಳೆ

ಮಾರ್ಚ್, ಏಪ್ರಿಲ್‌ನಲ್ಲಿ ಬರುವುದು ಕಾಫಿಯವರು ಕಾದು ಕೂರುವ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ. ಬಂದರೆ ಒಂದೆರಡು ಗಂಟೆ, ಆದರೆ ಗುಡುಗು, ಸಿಡಿಲು, ಗಾಳಿ ಎಲ್ಲ ಸೇರಿಕೊಂಡು ಬರುತ್ತದೆ. ಮೇ ತಿಂಗಳಿನಲ್ಲಿ ಇದು ಜಾಸ್ತಿಯಾಗುತ್ತದೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಹಾಗಂತ ಮೇ ಕೊನೆಯ ವಾರವನ್ನು ನಂಬಬೇಡಿ. 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತ್ತು.

ಅಕ್ಟೋಬರ್, ನವೆಂಬರ್‌ನ ಕಥೆ ಬೇರೆ. ಮುಂಗಾರು ಹಿಂದೆ ಸರಿದು ಹಿಂಗಾರು ಶುರುವಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಇಲ್ಲಿ ಎರಡು ಮೂರು ದಿನ ಮೋಡ ಕಟ್ಟಿಕೊಂಡು ಜಿಟಿಜಿಟಿ ಹಿಡಿಯುತ್ತದೆ. ತುಲಾ ಸಂಕ್ರಮಣಕ್ಕೆ, ಅಂದರೆ ಅಕ್ಟೋಬರ್ 17ರ ಆಸುಪಾಸಿನಲ್ಲಿ, ತಲಕಾವೇರಿಯ ತೀರ್ಥೋದ್ಭವಕ್ಕೆ ಹೋದವರಿಗೆ ಈ ಹವೆ ಗೊತ್ತಿರುತ್ತದೆ. ಮಳೆಗಾಲವಿಡೀ ನೆನೆದ ಮಣ್ಣು ಆಗ ಇನ್ನೂ ಆರಿರುವುದಿಲ್ಲ. ಬಂಡೆಯ ಮೇಲೆ ಪಾಚಿ ಹಸಿರಾಗಿಯೇ ಇರುತ್ತದೆ. ಹುಲ್ಲು ಎದೆಯೆತ್ತರ ಬೆಳೆದು ಕಾಲುದಾರಿಯನ್ನು ಮುಚ್ಚಿರುತ್ತದೆ.

ಇನ್ನೊಂದು ವಿಷಯ. ಕೊಡಗಿನವರು ಮೋಡ ನೋಡುವುದು ಪಶ್ಚಿಮದ ಕಡೆ, ಅದು ಮುಂಗಾರಿನ ಅಭ್ಯಾಸ. ಹಿಂಗಾರಿನ ಗುಡುಗು ಮೋಡ ಹೆಚ್ಚಾಗಿ ಪೂರ್ವದಿಂದ ಬರುತ್ತದೆ. ತುದಿಯಲ್ಲಿ ನಿಂತು ಕೇರಳದ ಕಡೆ ನೋಡುತ್ತಿರುವಾಗ ಅದು ನಿಮ್ಮ ಬೆನ್ನ ಹಿಂದೆ ಎದ್ದಿರುತ್ತದೆ. ಹತ್ತುವಾಗ ಆಗಾಗ ತಿರುಗಿ ನೋಡಿ.

2. ಬೆಟ್ಟ ಆರಿಸಿಕೊಳ್ಳುವುದು

ಒಬ್ಬರೇ ಹೋಗಲು ಎಲ್ಲ ಬೆಟ್ಟವೂ ಒಂದೇ ಅಲ್ಲ. ಕಕ್ಕಬ್ಬೆಯ ತಡಿಯಂಡಮೋಳ್ 1748 ಮೀಟರ್, ಕೊಡಗಿನಲ್ಲೇ ಎತ್ತರ. ಆದರೂ ನಾಲ್ಕುನಾಡು ಅರಮನೆ ಕಡೆಯಿಂದ ಹೋಗುವ ದಾರಿ ತಕ್ಕಮಟ್ಟಿಗೆ ಸ್ಪಷ್ಟ. ರಜೆಯ ದಿನ ಜನರೂ ಸಿಗುತ್ತಾರೆ. ಮೊದಲ ಸಲ ಒಬ್ಬರೇ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕೊನೆಯ ಕಡಿದಾದ ಏರು ಮಾತ್ರ ಶೋಲಾ, ಅಂದರೆ ಹುಲ್ಲುಗಾವಲಿನ ನಡುವಿನ ದಟ್ಟ ಕಾಡಿನ, ಒಳಗೆ ಹಾದುಹೋಗುತ್ತದೆ. ಅಲ್ಲಿ ಬೇರು, ಕೆಸರು, ಜಾರುವ ಮಣ್ಣು.

1712 ಮೀಟರಿನ ಪುಷ್ಪಗಿರಿ, ಅಂದರೆ ಕುಮಾರ ಪರ್ವತ, ಬೇರೆಯೇ ಲೆಕ್ಕ. ಸೋಮವಾರಪೇಟೆ ಕಡೆಯ ಹೆಗ್ಗಡೆಮನೆ ದಾರಿಯಲ್ಲಿ ತುದಿ ಹತ್ತಿರವಾದಾಗ ಕಡಿದಾದ ಬಂಡೆ ಹಾಸುಗಳಿವೆ. ಒಣಗಿದ್ದರೆ ಕೈಕಾಲು ಊರಿ ಹತ್ತಬಹುದು. ನೆನೆದ ಮೇಲೆ ಅದೇ ಬಂಡೆಯನ್ನು ಇಳಿಯುವುದು ಒಬ್ಬರಿಂದ ಆಗುವ ಕೆಲಸ ಅಲ್ಲ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಬಂದರೆ ಶೇಷ ಪರ್ವತದ ಬಯಲು ಏಣು, ಅಂದರೆ ಬೆಟ್ಟದ ನೆತ್ತಿಯ ಉದ್ದನೆಯ ಅಂಚು, ದಾಟಬೇಕು. ಸಿಡಿಲು ಬಂದರೆ ಅಲ್ಲಿ ಅಡಗಲು ಜಾಗವಿಲ್ಲ. ಈ ನಾಲ್ಕು ತಿಂಗಳಲ್ಲಿ ಕುಮಾರ ಪರ್ವತಕ್ಕೆ ಒಬ್ಬರೇ ಹೋಗಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇರ್ಪು ಜಲಪಾತದ ಮೇಲಿನ ಬ್ರಹ್ಮಗಿರಿ ಆನೆಯ ಕಾಡು. ಅಲ್ಲಿಗೂ ಅರಣ್ಯ ಇಲಾಖೆಯ ಜನ ಜೊತೆಗಿಲ್ಲದೆ ಹೋಗಬಾರದು.

ಅನುಮತಿಯ ವಿಷಯದಲ್ಲಿ ಯಾರದೋ ಹಳೆಯ ಅನುಭವ ನಂಬಿ ಹೋಗಬೇಡಿ. ಅರಣ್ಯದೊಳಗಿನ ಚಾರಣಗಳಿಗೆ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಮಳೆಗೆ ದಾರಿಗಳನ್ನು ಮುಚ್ಚುತ್ತಾರೆ. ಗೈಡ್ ಬೇಕೇ ಬೇಕು ಅನ್ನುವ ಕಡೆ ಖುಷಿಯಿಂದ ಕರೆದುಕೊಂಡು ಹೋಗಿ. ಮುಚ್ಚಿದ ದಾರಿಗೆ ಕಳ್ಳದಾರಿಯಲ್ಲಿ ನುಗ್ಗಿದವರು ಕಾಣೆಯಾದರೆ, ಎಲ್ಲಿ ಹುಡುಕಬೇಕು ಅಂತಲೂ ಯಾರಿಗೂ ಗೊತ್ತಾಗುವುದಿಲ್ಲ.

3. ಮುನ್ಸೂಚನೆ ನೋಡುವ ಬಗೆ

ಫೋನಿನಲ್ಲಿ "ಕೊಡಗು" ಅಂತ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಪೂರ್ವದ ಕುಶಾಲನಗರಕ್ಕಿಂತ ಪಶ್ಚಿಮದ ಭಾಗಮಂಡಲಕ್ಕೆ ಹಲವು ಪಟ್ಟು ಹೆಚ್ಚು ಮಳೆ. ನೀವು ಹೋಗುವ ಬೆಟ್ಟದ ಹತ್ತಿರದ ಊರಿನ ಹೆಸರು ಹಾಕಿ ನೋಡಿ. ದಿನದ ಮಳೆಗಿಂತ ಗಂಟೆಗಂಟೆಯ ಮಳೆ ನೋಡಿ.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಯನ್ನು ಒಬ್ಬರೇ ಹೋಗುವವರು ಬಿಗಿಯಾಗಿ ಹಿಡಿಯಬೇಕು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ, 115.6ರಿಂದ ಮೇಲೆ ಅತಿ ಭಾರಿ ಮಳೆ. ಕಿತ್ತಳೆ ಅಥವಾ ಕೆಂಪು ಇದ್ದರೆ ಯೋಚನೆಯೇ ಬೇಡ, ಮನೆಯಲ್ಲಿರಿ. ಹಳದಿ ಇದ್ದರೂ, ಅದರಲ್ಲಿ ಗುಡುಗು ಸಿಡಿಲಿನ ಮಾತಿದ್ದರೆ ಹೋಗಬೇಡಿ.

ಸಿಡಿಲಿಗೆ ಎರಡು ಆ್ಯಪ್ ಇವೆ. ಒಂದು, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ. ಇನ್ನೊಂದು, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು. ಇವಕ್ಕೆ ಇಂಟರ್ನೆಟ್ ಬೇಕು, ಬೆಟ್ಟದ ಮೇಲೆ ಅದು ಸಿಗುವ ಭರವಸೆ ಇಲ್ಲ. ಹಾಗಾಗಿ ಹೊರಡುವ ಮುಂಚೆ ನೋಡಿ. ಹಿಂದಿನ ಎರಡು ಮೂರು ದಿನ ಎಷ್ಟು ಗಂಟೆಗೆ ಗುಡುಗು ಶುರುವಾಯಿತು ಅಂತ ಊರವರನ್ನು ಕೇಳಿ. ಈ ಮಳೆಗೆ ಒಂದು ಚಾಳಿ ಇದೆ, ನಿನ್ನೆ ಬಂದ ಹೊತ್ತಿಗೇ ಇವತ್ತೂ ಬರುವುದು ಹೆಚ್ಚು.

ಎಲ್ಲಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದು ತೋಟದ ಮನೆಯಲ್ಲಿ. ಕೊಡಗಿನ ಬಹುತೇಕ ಕಾಫಿ ತೋಟಗಳಲ್ಲಿ ಮಳೆ ಅಳೆಯುವ ಮಾಪಕ ಇರುತ್ತದೆ. ಬೆಳಗ್ಗೆ ಅದರ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಹೋಮ್‌ಸ್ಟೇ ಯಜಮಾನರನ್ನು "ಅಂಕಲ್, ಈ ವಾರ ಎಷ್ಟು ಮಳೆ ಆಯ್ತು?" ಅಂತ ಕೇಳಿ ನೋಡಿ. ಹಿಂದಿನ ವರ್ಷದ್ದೂ ಸೇರಿಸಿ ಹೇಳುತ್ತಾರೆ. ಹಿಂದಿನ ದಿನ ಎರಡೂವರೆ ಇಂಚು ಬಿದ್ದಿದ್ದರೆ ಅದು ಹೆಚ್ಚುಕಮ್ಮಿ ಭಾರಿ ಮಳೆಯ ಗೆರೆ. ಇವತ್ತು ಬಿಸಿಲಿದ್ದರೂ ಹಳ್ಳ ತುಂಬಿರುತ್ತದೆ, ದಾರಿ ಜಾರುತ್ತದೆ. ಒಂದು ದಿನ ಬಿಟ್ಟು ಹೋಗಿ.

4. ಗಡಿಯಾರದ ಲೆಕ್ಕ

ಇದಕ್ಕೆ ಪೆನ್ನು, ಕಾಗದ ತೆಗೆದುಕೊಳ್ಳಿ. ಬೆಟ್ಟ ಹತ್ತುವವರ ಹಳೆಯ ಲೆಕ್ಕ ಒಂದಿದೆ: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಒಳ್ಳೆಯ ದಾರಿಗೆ, ಗಟ್ಟಿ ಕಾಲಿಗೆ. ನಮ್ಮ ಒದ್ದೆ ದಾರಿಗೆ ಬಂದದ್ದರ ಮೂರನೇ ಒಂದು ಭಾಗ ಸೇರಿಸಿ.

ಏಳು ಕಿಲೋಮೀಟರ್ ದೂರ, 700 ಮೀಟರ್ ಏರು ಇರುವ ದಾರಿ ಅಂದುಕೊಳ್ಳಿ. ನಡಿಗೆಗೆ ಸುಮಾರು 1 ಗಂಟೆ 25 ನಿಮಿಷ, ಏರಿಗೆ 1 ಗಂಟೆ 10 ನಿಮಿಷ. ಒಟ್ಟು 2 ಗಂಟೆ 35 ನಿಮಿಷ. ಮೂರನೇ ಒಂದು ಭಾಗ ಸೇರಿಸಿದರೆ ಹೆಚ್ಚುಕಮ್ಮಿ ಮೂರೂವರೆ ಗಂಟೆ. ಇಳಿಯಲು ಕಡಿಮೆ ಸಾಕು ಅಂದುಕೊಳ್ಳಬೇಡಿ. ಒದ್ದೆ ನೆಲದಲ್ಲಿ ಇಳಿಯುವುದೇ ನಿಧಾನ, ಬೀಳುವುದೂ ಆಗಲೇ ಜಾಸ್ತಿ.

ಈಗ ಈ ಮೂರೂವರೆ ಗಂಟೆಯನ್ನು ದಿನದೊಳಗೆ ಕೂರಿಸಬೇಕು. ಬೆಳಕಾಗುವ ಮುಂಚೆ ಹೊರಡುವ ಹಾಗಿಲ್ಲ, ತೋಟ ಮತ್ತು ಕಾಡಿನ ಅಂಚಿನಲ್ಲಿ ಆ ಹೊತ್ತಿಗೆ ಆನೆ ಓಡಾಡುತ್ತಿರುತ್ತದೆ. ಹಾಗಾಗಿ 6.45ಕ್ಕೆ ಹೊರಟಿರಿ ಅನ್ನೋಣ. ತುದಿಗೆ 10.15. ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಬಯಲು ಹುಲ್ಲುಗಾವಲನ್ನು ನೀವು 12.30ರೊಳಗೆ ದಾಟಿ ಕೆಳಗೆ ಬಂದಿರಬೇಕು. ಅಂದರೆ ಏನೇ ಆದರೂ 11ಕ್ಕೆ ತಿರುಗಲೇಬೇಕು. ತುದಿ ಇನ್ನು ಹತ್ತು ನಿಮಿಷ ಇದ್ದರೂ 11 ಅಂದರೆ 11.

ಆ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಡಿ. ಅದು ಹೊಡೆದಾಗ ಯೋಚನೆ ಮಾಡುತ್ತಾ ನಿಲ್ಲಬೇಡಿ, ತೀರ್ಮಾನ ಹಿಂದಿನ ರಾತ್ರಿಯೇ ಆಗಿಹೋಗಿದೆ. ನವೆಂಬರ್‌ನಲ್ಲಿ ಸಂಜೆ 6ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಶೋಲಾದ ಒಳಗೆ ಅದಕ್ಕೂ ಮುಂಚೆ ಕತ್ತಲು.

ಇದೇ ಲೆಕ್ಕವನ್ನು ಕುಕ್ಕೆ ಕಡೆಯ ದಾರಿಗೆ ಹಾಕಿ ನೋಡಿ. ಸುಮಾರು 13 ಕಿಲೋಮೀಟರ್, ಏರು 1500 ಮೀಟರಿಗೂ ಹೆಚ್ಚು. ಹತ್ತುವುದಕ್ಕೇ ಏಳು ಗಂಟೆ ಹತ್ತಿರ ಬರುತ್ತದೆ. ಮಧ್ಯಾಹ್ನ ಎರಡಕ್ಕೆ ನೀವು ಶೇಷ ಪರ್ವತದ ಆಸುಪಾಸಿನ ಬಯಲಿನಲ್ಲಿರುತ್ತೀರಿ, ಗುಡುಗಿನ ಹೊತ್ತಿಗೆ ಸರಿಯಾಗಿ.

5. ಕೆಳಗೆ ಒಬ್ಬರ ಕೈಯಲ್ಲಿ ಚೀಟಿ

ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದರೆ ಸಾಲದು. ಬೆಂಗಳೂರಿನ ಗೆಳೆಯರಿಗೆ ಹೇಳಿದರೂ ಅರ್ಧ ಕೆಲಸ. ಬೆಟ್ಟದ ಬುಡದಲ್ಲೇ ಇರುವ ಒಬ್ಬರ ಕೈಗೆ ಕಾಗದದ ಚೀಟಿ ಕೊಡಬೇಕು. ಹೋಮ್‌ಸ್ಟೇಯವರು, ಅಂಗಡಿಯವರು, ಚೆಕ್‌ಪೋಸ್ಟ್‌ನವರು, ಯಾರಾದರೂ ಸರಿ. ಚೀಟಿ ಹೀಗಿರಲಿ:

"ನನ್ನ ಹೆಸರು ಇದು, ಫೋನ್ ಇದು. ಅರಮನೆ ದಾರಿಯಿಂದ ತಡಿಯಂಡಮೋಳ್‌ಗೆ ಒಬ್ಬನೇ ಹೋಗುತ್ತಿದ್ದೇನೆ. ಕಿತ್ತಳೆ ಜಾಕೆಟ್, ನೀಲಿ ಬ್ಯಾಗ್. 6.45ಕ್ಕೆ ಹೊರಟೆ. 11ಕ್ಕೆ ತಿರುಗುತ್ತೇನೆ, 2.30ರೊಳಗೆ ಇಲ್ಲಿರುತ್ತೇನೆ. ಬೇರೆ ದಾರಿಯಲ್ಲಿ ಇಳಿಯುವುದಿಲ್ಲ. 4 ಗಂಟೆಗೂ ಬಾರದಿದ್ದರೆ 112ಕ್ಕೆ ಮತ್ತು ಅರಣ್ಯ ಇಲಾಖೆಗೆ ತಿಳಿಸಿ. ಮನೆಯವರ ಫೋನ್ ಇದು."

ಬೇರೆ ದಾರಿಯಲ್ಲಿ ಇಳಿಯುವುದಿಲ್ಲ ಅನ್ನುವ ಸಾಲು ಮುಖ್ಯ. ಬರೆದಂತೆ ನಡೆಯುವುದು ಇನ್ನೂ ಮುಖ್ಯ. ನಾಲ್ಕು ಗಂಟೆ ಯಾಕೆ ಅಂದರೆ, ಹುಡುಕಲು ಹೋಗುವವರಿಗೂ ಎರಡು ಗಂಟೆ ಬೆಳಕು ಬೇಕಲ್ವಾ?

6. ಚೀಲದಲ್ಲಿ ಏನಿರಬೇಕು

ನೆನೆದ ಮೈಗೆ ಗಾಳಿ ಬಡಿದರೆ 15 ಡಿಗ್ರಿಯಲ್ಲೂ ಜೀವಕ್ಕೆ ಅಪಾಯವಾಗುವಷ್ಟು ಚಳಿ ಹಿಡಿಯುತ್ತದೆ. ಕೊಡಗಿನಲ್ಲಿ ಹಿಮವಿಲ್ಲ ಅಂತ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 700 ಮೀಟರ್ ಮೇಲೆ ಹೋದರೆ ಬುಡಕ್ಕಿಂತ ನಾಲ್ಕೈದು ಡಿಗ್ರಿ ಕಮ್ಮಿ. ಅದರ ಮೇಲೆ ಗಾಳಿ. ಜೀನ್ಸ್ ಪ್ಯಾಂಟು, ಹತ್ತಿಯ ಟೀ ಶರ್ಟು ನೆನೆದರೆ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತವೆ. ಬೇಗ ಒಣಗುವ ಬಟ್ಟೆ ಹಾಕಿ. ಒಂದು ಜೊತೆ ಒಣ ಬಟ್ಟೆ ಮತ್ತು ಸ್ವೆಟರನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಚೀಲದ ತಳದಲ್ಲಿಡಿ. ಕೊಡೆ ಏಣಿನ ಮೇಲೆ ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಜಾಕೆಟ್ ಬೇಕು.

ಉಳಿದದ್ದು: ತಲೆಗೆ ಕಟ್ಟುವ ಟಾರ್ಚು, ಸೀಟಿ, ಪವರ್ ಬ್ಯಾಂಕ್, ಮೊದಲೇ ಇಳಿಸಿಕೊಂಡ ನಕ್ಷೆ, ಎರಡರಿಂದ ಮೂರು ಲೀಟರ್ ನೀರು, ಓಆರ್‌ಎಸ್, ಕ್ರೇಪ್ ಬ್ಯಾಂಡೇಜು, ಚಿಕ್ಕಿ ಅಥವಾ ಖರ್ಜೂರ. ಏಪ್ರಿಲ್, ಮೇನಲ್ಲಿ ಮಳೆಯಷ್ಟೇ ಬಿಸಿಲೂ ಹೊಡೆಯುತ್ತದೆ, ಮೇಲೆ ನೀರು ಸಿಗುತ್ತದೆ ಅಂತ ನಂಬಬೇಡಿ. ವಿದೇಶದಿಂದ ತಂದ ಸ್ಯಾಟಲೈಟ್ ಫೋನು ಅಥವಾ ಸ್ಯಾಟಲೈಟ್ ಮೆಸೆಂಜರ್ ಇದ್ದರೆ ಮನೆಯಲ್ಲೇ ಬಿಡಿ. ಅನುಮತಿ ಇಲ್ಲದೆ ಅವನ್ನು ಬಳಸುವುದು ಭಾರತದಲ್ಲಿ ಅಪರಾಧ.

7. ಮಂಜು ಕವಿದಾಗ

ಮಂಜು ದೂರದಿಂದ ನಿಧಾನ ಬರುವ ಹಾಗೆ ಕಾಣುತ್ತದೆ, ಹತ್ತಿರ ಬಂದ ಮೇಲೆ ಎರಡು ನಿಮಿಷ ಸಾಕು. ಹುಲ್ಲುಗಾವಲಿನಲ್ಲಿ ದನ, ಕಾಡುಪ್ರಾಣಿಗಳು ಓಡಾಡಿದ ಗೆರೆಗಳೂ ಮನುಷ್ಯರ ದಾರಿಯ ಹಾಗೆಯೇ ಇರುತ್ತವೆ. ಬಿಸಿಲಲ್ಲಿ ವ್ಯತ್ಯಾಸ ತಿಳಿಯುತ್ತದೆ, ಮಂಜಿನಲ್ಲಿ ತಿಳಿಯುವುದಿಲ್ಲ. ಹತ್ತುವಾಗ ಪ್ರತಿ ಕವಲಿನಲ್ಲಿ ನಿಂತು, ತಿರುಗಿ, ವಾಪಸ್ ಬರುವ ದಾರಿಯ ಫೋಟೊ ತೆಗೆಯಿರಿ. ಹೋಗುವಾಗ ಕಂಡ ದಾರಿಗೂ ಬರುವಾಗ ಕಾಣುವ ದಾರಿಗೂ ಹೋಲಿಕೆಯೇ ಇರುವುದಿಲ್ಲ. ಫೋನಿನ ಜಿಪಿಎಸ್‌ಗೆ ಸಿಗ್ನಲ್ ಬೇಕಿಲ್ಲ. ನಡೆದ ದಾರಿಯನ್ನು ದಾಖಲಿಸುವ ಆ್ಯಪನ್ನು ಬುಡದಲ್ಲೇ ಶುರು ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಬ್ಯಾಟರಿ ಉಳಿಯುತ್ತದೆ.

ಮಂಜು ಮುಚ್ಚಿ ದಾರಿ ಕಾಣದಿದ್ದರೆ ಕೂತುಬಿಡಿ. ಒಣ ಬಟ್ಟೆ, ಜಾಕೆಟ್ ಹಾಕಿಕೊಂಡು ಏನಾದರೂ ತಿನ್ನಿ. ಮಂಜು ಆಗಾಗ ತೆರೆದುಕೊಳ್ಳುತ್ತದೆ. ತೆರೆದ ಆ ಗಳಿಗೆಯಲ್ಲಿ ದಾರಿ ಗುರುತು ಹಿಡಿಯಿರಿ.

8. ಗುಡುಗು ಕೇಳಿದರೆ

ಹೂಕೋಸಿನ ಹಾಗೆ ಮೇಲೆ ಮೇಲೆ ಉಬ್ಬುವ ಬಿಳಿ ಮೋಡ ಬೆಳಗ್ಗೆ ಹತ್ತಕ್ಕೇ ಕಂಡರೆ ಅಲಾರಂ ಹೊಡೆಯುವವರೆಗೆ ಕಾಯಬೇಡಿ, ಇಳಿಯಿರಿ. ಸೆಕೆಯಿದ್ದ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾದರೆ ಮಳೆ ಬಂದೇ ಬಿಟ್ಟಿತು ಅಂತಲೇ ಅರ್ಥ.

ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಮ್ಮಿ ಇದ್ದರೆ ನೀವು ಅಪಾಯದೊಳಗಿದ್ದೀರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಬಯಲಿಗೆ ಬರಬೇಡಿ.

ಏಣು, ತುದಿ, ಒಂಟಿ ಮರ, ಒಂಟಿ ಬಂಡೆ ಬಿಟ್ಟು ಬೇಗ ಕೆಳಗಿಳಿಯಿರಿ. ಒಂದೇ ಎತ್ತರದ ಮರಗಳಿರುವ ಶೋಲಾದ ಒಳಗೆ ಹೋದರೆ ಬಯಲಿಗಿಂತ ವಾಸಿ, ಆದರೆ ಯಾವ ಬುಡಕ್ಕೂ ಒರಗಬೇಡಿ. ಎಲ್ಲೂ ಹೋಗಲಾಗದಿದ್ದರೆ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಕಿವಿ ಮುಚ್ಚಿಕೊಳ್ಳಿ. ಮಲಗಬೇಡಿ. ಕಬ್ಬಿಣದ ಕೋಲಿದ್ದರೆ ದೂರ ಇಡಿ. ಮಾಂದಲ್‌ಪಟ್ಟಿ ಕಡೆಗೆ ಹೋಗುವವರು ಒಂದು ಮಾತು ನೆನಪಿಡಿ: ಮೇಲೆ ಟಾರ್ಪಾಲು ಹೊದ್ದ ಜೀಪು ಸಿಡಿಲಿಗೆ ಆಸರೆಯಲ್ಲ. ಕಬ್ಬಿಣದ ಮಾಡು ಇರುವ, ಗಾಜು ಏರಿಸಿದ ಕಾರು ಸರಿ. ನಾಲ್ಕು ಕಂಬದ ತೆರೆದ ಮಂಟಪವೂ ಆಸರೆಯಲ್ಲ.

9. ಹಳ್ಳ ಮತ್ತು ಜರಿಯುವ ಮಣ್ಣು

ಬೆಳಗ್ಗೆ ಪಾದ ನೆನೆಯುವಷ್ಟಿದ್ದ ಹಳ್ಳ ಮಧ್ಯಾಹ್ನ ಸೊಂಟಕ್ಕೆ ಬರಬಹುದು. ಮಳೆ ನೀವು ನಿಂತ ಕಡೆ ಬೀಳಬೇಕೆಂದೇನೂ ಇಲ್ಲ. ನೀರು ಮೊಣಕಾಲು ದಾಟಿ ರಭಸವಾಗಿದ್ದರೆ ಒಬ್ಬರೇ ದಾಟಬೇಡಿ. ಮಳೆ ನಿಂತರೆ ಸಣ್ಣ ಹಳ್ಳ ಬೇಗ ಇಳಿಯುತ್ತದೆ. ಈಚೆ ದಡದಲ್ಲಿ ಎತ್ತರದ ಜಾಗ ನೋಡಿ ಕಾಯಿರಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದದ್ದು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಕುಸಿದದ್ದು ಕೊಡಗಿನವರು ಮರೆಯುವಂಥದ್ದಲ್ಲ. ಅವು ನಡು ಮಳೆಗಾಲದ ಘಟನೆಗಳು. ಆದರೂ ನೆನೆದ ಇಳಿಜಾರು ಅಕ್ಟೋಬರ್‌ನ ಜೋರು ಮಳೆಗೂ ಜಾರಬಹುದು. ನೆಲದಲ್ಲಿ ಹೊಸ ಬಿರುಕು, ಒಂದೇ ಕಡೆ ವಾಲಿದ ಮರಗಳು, ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಹರಿಯುತ್ತಿದ್ದ ತೊರೆ ಏಕಾಏಕಿ ಕಮ್ಮಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಹರಿವಿನ ದಾರಿಯಿಂದ ಪಕ್ಕಕ್ಕೆ ಸರಿದು ಎತ್ತರಕ್ಕೆ ಹೋಗಿ.

10. ಆನೆ, ಹಾವು, ಇಂಬಳ

ಹೊರಡುವ ಮುಂಚೆ ಲೈನ್ ಮನೆಯ, ಅಂದರೆ ತೋಟದ ಸಾಲುಮನೆಯ, ಕೆಲಸದವರನ್ನು "ಅಣ್ಣಾ, ಆನೆ ಇದೆಯಾ ಈ ಕಡೆ?" ಅಂತ ಕೇಳಿ. ಇದೆ ಅಂದರೆ ಅವತ್ತಿಗೆ ಬಿಡಿ. ಹಬೆಯಾಡುವ ಲದ್ದಿ, ಆಗಷ್ಟೇ ಮುರಿದ ಬಿದಿರು ಕಂಡರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ವಾಪಸ್ ಬನ್ನಿ. ಮಂಜಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನಡೆಯುವುದು ಬೇಡವೇ ಬೇಡ.

ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ. ಸಿಗ್ನಲ್ ಇದ್ದರೆ 108ಕ್ಕೆ ಕರೆ ಮಾಡಿ ಅಲುಗಾಡದೆ ಕೂತಿರಿ. ಇಲ್ಲದಿದ್ದರೆ ಓಡದೆ, ನಿಧಾನ ನಡೆದು ಜನ ಇರುವ ಕಡೆ ಬನ್ನಿ. ಇಂಬಳ, ಅಂದರೆ ಜಿಗಣೆ, ಕಚ್ಚಿದರೆ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಅದನ್ನು ಕೀಳುತ್ತಾ ಕಣ್ಣು ಕಾಲಿನ ಮೇಲಿಟ್ಟು ಅವಸರದಲ್ಲಿ ಓಡಿ ಬೀಳುವವರು ಇದ್ದಾರೆ. ಸಾಕ್ಸಿಗೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಸವರಿಕೊಂಡರೆ ಸಾಕು.

11. ದಾರಿ ತಪ್ಪಿದರೆ, ಕಾಲು ಉಳುಕಿದರೆ

ಮೊದಲು ನಿಲ್ಲಿ. ನಕ್ಷೆಯಲ್ಲಿ ನಡೆದು ಬಂದ ಗೆರೆ ನೋಡಿ, ಅದೇ ಗೆರೆಯಲ್ಲಿ ವಾಪಸ್ ಹೋಗಿ. ತೊರೆ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುವ ಮಾತು ಪಶ್ಚಿಮ ಘಟ್ಟಕ್ಕೆ ಹೊಂದುವುದಿಲ್ಲ. ಇಲ್ಲಿ ತೊರೆ ಅಬ್ಬಿಯಾಗಿ ಧುಮುಕುತ್ತದೆ. ತಡಿಯಂಡಮೋಳ್‌ನಲ್ಲಿ ಪಶ್ಚಿಮಕ್ಕೆ ಇಳಿದರೆ ಕೇರಳದ ಕಡೆಯ ಕಡಿದಾದ ಕಾಡು. ಚೀಟಿ ಹಿಡಿದು ನಿಮ್ಮನ್ನು ಹುಡುಕುವವರು ಆ ಕಡೆ ಬರುವುದಿಲ್ಲ.

ನಡೆಯಲಾಗದಿದ್ದರೆ ಇದ್ದಲ್ಲೇ ಇರಿ. ಮೊದಲು ಒದ್ದೆ ಬಟ್ಟೆ ಬದಲಿಸಿ, ಚೀಲದ ಮೇಲೆ ಕೂರಿ, ಬರಿ ನೆಲದ ಮೇಲೆ ಬೇಡ. ನಡುಕ ಶುರುವಾಗಿ ಜಿಪ್ ಹಾಕಲು ಬೆರಳು ಬಗ್ಗದಿದ್ದರೆ ಚಳಿ ಒಳಗಿಳಿದಿದೆ ಅಂತ ತಿಳಿದು ಸಿಹಿ ತಿನ್ನಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಕರೆ ಮಾಡಿ ನೋಡಿ, ಬೇರೆ ಕಂಪನಿಯ ಟವರ್ ಮೂಲಕ ಹೋಗಬಹುದು. ಕರೆ ಹೋಗದ ಕಡೆ ಮೆಸೇಜ್ ಹೋಗುವುದುಂಟು. ಜಿಪಿಎಸ್ ಅಂಕಿಗಳನ್ನು ಬರೆದು ಕಳಿಸಿ. ಸೀಟಿಯನ್ನು ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ನೆ ಕೇಳಿಸಿಕೊಳ್ಳಿ, ಮತ್ತೆ ಊದಿ. ಕತ್ತಲಾದರೆ ಟಾರ್ಚಿನಲ್ಲೂ ಅದೇ ಲೆಕ್ಕ. ಮೂರು ಸಲ ಊದಿದ ಉತ್ತರ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ ಅಂತ ಅರ್ಥ. ಆಮೇಲೂ ಜಾಗ ಬಿಟ್ಟು ಕದಲಬೇಡಿ.

12. ಕೆಳಗೆ ಬಂದ ಮೇಲೆ

ಚೀಟಿ ಕೊಟ್ಟವರ ಹತ್ತಿರ ಹೋಗಿ, ಬಂದೆ ಅಂತ ಹೇಳಿ ಚೀಟಿ ವಾಪಸ್ ತೆಗೆದುಕೊಳ್ಳಿ. ಹೇಳದೆ ಬಸ್ಸು ಹತ್ತಿದರೆ ನಾಲ್ಕು ಗಂಟೆಗೆ ಊರಿನ ಹುಡುಗರು ಟಾರ್ಚು ಹಿಡಿದು ಮಳೆಯಲ್ಲಿ ಬೆಟ್ಟ ಹತ್ತುತ್ತಾರೆ. ಇಂಬಳ ಕಚ್ಚಿದ ಕಡೆ ಸೋಪು ಹಾಕಿ ತೊಳೆಯಿರಿ, ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ದಾರಿಗೆ ಮರ ಬಿದ್ದಿದ್ದರೆ, ಹೊಸ ಬಿರುಕು ಕಂಡಿದ್ದರೆ, ಆನೆಯ ಗುರುತಿದ್ದರೆ ಚೆಕ್‌ಪೋಸ್ಟ್‌ನಲ್ಲಿ ಯಾವ ಜಾಗ ಅಂತ ಫೋಟೊ ಸಮೇತ ಹೇಳಿ ಹೋಗಿ.